ಕೇಳುವುದು

ಇರ್ಯಾ ಕೋಸ್ಕೆಲಾ ಇಪ್ಪತ್ತಾರು ವರ್ಷ
ರಾತ್ರಿಪಾಳಿಯ ದಾದಿ.
ಇನ್ನೆಷ್ಟು ದಿನ ಎಂದು ಕೇಳಿದವರಿಗೆ
ಕಣ್ಣು ತಪ್ಪಿಸದೆ ಹೇಳಿದವಳು.
ಈಗ ದುಡ್ಡಿನ ಮಾತಿಗೆ
ನಾಲಿಗೆ ಅಂಗುಳಕ್ಕೆ ಅಂಟುತ್ತದೆ.

ಥಂಡರ್ ಬೇ ಊರಲ್ಲಿ, ಸುಪೀರಿಯರ್ ಸರೋವರದ ದಡಕ್ಕೆ
ಎಂಟು ಹಾಸಿಗೆಯ ಮನೆಯೊಂದು ಏಳಬೇಕು,
ಸಾಯುವವರು ಆಸ್ಪತ್ರೆಯ ಪಡಸಾಲೆಯಲ್ಲಿ ಸಾಯದಿರಲಿ ಎಂದು.
ಕೇಕು ಮಾರಿ, ಕಾಲುಚೀಲ ಹೆಣೆದು ಮಾರಿ, ಲಾಟರಿ ಎತ್ತಿ
ಕೂಡಿದ್ದು ಬಾಗಿಲಿಗಾಯಿತು, ಚಿಲಕಕ್ಕೆ ಸಾಲದು.
ಸಮಿತಿಯವರು ಒಂದು ಹೆಸರು ಬರೆದರು,
ಹೆಸರಿನ ಪಕ್ಕ ಒಂದು ಮೊತ್ತ.
ಆಮೇಲೆ ಎಲ್ಲರೂ ಅವಳ ಕಡೆ ನೋಡಿದರು.

ಐದು ಲಕ್ಷ ಡಾಲರ್.
ಬಚ್ಚಲಿನ ಕನ್ನಡಿಗೆ ಹೇಳಿದಳು, ಕನ್ನಡಿ ಮಂಜಾಯಿತು.
ಕಾರಿನಲ್ಲಿ ಗಾಜು ಏರಿಸಿ ಹೇಳಿದಳು.
ನಾಯಿಯನ್ನು ಕೂರಿಸಿಕೊಂಡು ಹೇಳಿದಳು.
ತೊಂದರೆಯಾಗದಿದ್ದರೆ ಎಂದು ಶುರುವಾಗಿ
ಎಷ್ಟಾದರೂ ಸರಿ ಎಂದು ಮುಗಿಯುತ್ತಿತ್ತು ಪ್ರತಿ ಸಲ.
ಬಾಲ ಅಲ್ಲಾಡಿಸಿದ್ದು ನಾಯಿಯಲ್ಲ.

ಮರ ಕಡಿಯುವವರ ಬಿಡಾರದಲ್ಲಿ ರೊಟ್ಟಿ ಬೇಯಿಸಿದ ಅಮ್ಮ
ಅನ್ನುತ್ತಿದ್ದಳು: ಬೇಡಿ ತಂದ ಹಿಟ್ಟು ಉಬ್ಬುವುದಿಲ್ಲ.
ಇದು ನನಗಲ್ಲ ಅಮ್ಮ, ಎಂದು
ಸತ್ತವಳಿಗೆ ಈಗ ಹೇಳಿದಳು.
ಹೇಳಿದ್ದನ್ನು ತಾನು ಅರ್ಧ ನಂಬಿದಳು.

ಬೇಕರಿಯ ಹುಡುಗಿ, ಏಲಕ್ಕಿ ಬ್ರೆಡ್ಡು ಎಷ್ಟು ಅಂದರೆ
ಐದು ಲಕ್ಷ ಅಂದುಬಿಟ್ಟಳು,
ಹಿಂದೆ ನಿಂತವರಿಗೆಲ್ಲ ಕೇಳುವಷ್ಟು ಜೋರಾಗಿ.
ಹುಡುಗಿ ಒಲೆಯ ಕಡೆ ತಿರುಗಿ ನೋಡಿ
ನಾಳೆ ಬರಬೇಕಾಗುತ್ತೆ ಅಂದಳು.
ನಕ್ಕರು. ಅವಳೂ ನಕ್ಕಳು.
ಆಕಾಶವೇನೂ ಕಳಚಿ ಬೀಳಲಿಲ್ಲ.

ಆರ್ವೋ ರಾಂತಲಾ, ಎಂಬತ್ತೊಂದು,
ಒಂದು ಕಾಲಕ್ಕೆ ಹನ್ನೊಂದು ಟಗ್ ದೋಣಿಗಳ ಒಡೆಯ,
ಮೊಣಕೈಗೆ ತೇಪೆ ಹಾಕಿದ ಸ್ವೆಟರಿನಲ್ಲಿ ಬಾಗಿಲು ತೆರೆದ.
ಕಾಫಿ ತಾನೇ ಬಗ್ಗಿಸಿದ.
ಆ ತೇಪೆ ನೋಡಿ ಅವಳೊಳಗೆ ಮೊತ್ತ ಕುಗ್ಗತೊಡಗಿತು:
ಮೂರು ಲಕ್ಷ? ಒಂದು?
ಒಂದು ಚಿಲಕ?

ಅವನೇ ಅಂದ, ಹೆಲ್ವಿ ಹೋದದ್ದು ಪಡಸಾಲೆಯಲ್ಲಿ,
ಮೂರನೇ ಮಹಡಿ, ಲಿಫ್ಟಿನ ಎದುರು.
ಲಿಫ್ಟು ತೆರೆದಾಗಲೆಲ್ಲ ಕಣ್ಣು ಬಿಡುತ್ತಿದ್ದಳು
ನಾನು ಬಂದೆ ಅಂದುಕೊಂಡು.
ನಾನು ಪಕ್ಕದಲ್ಲೇ ಇದ್ದೆ.

ಇರ್ಯಾ ಕಪ್ಪು ಕೆಳಗಿಟ್ಟಳು.
ಆರ್ವೋ, ಈ ಮನೆಗೆ ನೀವು ಐದು ಲಕ್ಷ ಕೊಡುತ್ತೀರಾ
ಎಂದು ಕೇಳಿದಳು.
ಆಮೇಲೆ ಕೇಳಿದಳು:
ಫ್ರಿಜ್ಜಿನ ಗುಂಯ್‌ಗುಡುವಿಕೆ,
ಮಾರ್ಚಿಯ ಹಿಮ ಸರೋವರದ ನಡುವೆಲ್ಲೋ ಬಿರಿದು
ಆ ಸದ್ದು ದಡದವರೆಗೆ ಓಡಿ ಬರುವುದು,
ಅವನ ಉಸಿರು, ಉಸಿರಿನ ನಡುವೆ ಒಂದು ತಡೆ.
ಬಾಯಿ ತುದಿಯಲ್ಲಿ 'ಎಷ್ಟಾದರೂ ಸರಿ' ಕಾದು ನಿಂತಿತ್ತು.
ಹಲ್ಲು ಕಚ್ಚಿದಳು.
ಎಷ್ಟು ರಾತ್ರಿ ಹೀಗೆ ಮಂಚದ ಪಕ್ಕ ಕೂತಿಲ್ಲ,
ಮಾತು ತುರುಕದೆ, ಎದ್ದು ಹೋಗದೆ.

ಕಿಟಕಿಗಳು ನೀರಿನ ಕಡೆಗಾ, ಅಂದ.
ಐದು ಹೌದು.
ಮೂರು, ಕಾರು ನಿಲ್ಲಿಸುವ ಕಡೆಗೆ.
ಮೂರು, ಅಂದ ಆರ್ವೋ. ಮೇಜಿನ ಮೇಲಿನ ಚಮಚವನ್ನು
ನಿಧಾನವಾಗಿ ಸರೋವರದ ಕಡೆ ತಿರುಗಿಸಿದ.
ಗುರುವಾರ ಬನ್ನಿ. ಮಗಳಿರುತ್ತಾಳೆ. ನಕ್ಷೆ ತನ್ನಿ.

ಅದು ಹೌದೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ.
ಕಾರಿನ ಗಾಜಿನ ಹಿಮ ಕೆರೆಯುತ್ತ ನೋಡಿದಳು,
ಕೈ ಈಗ ನಡುಗುತ್ತಿದೆ,
ಎಲ್ಲ ಮುಗಿದ ಮೇಲೆ, ಗಂಟೆ ತಡವಾಗಿ ಬಂದ ಬಸ್ಸಿನ ಹಾಗೆ.
ನಡುಗಲಿ.
ಪಟ್ಟಿಯ ಎರಡನೇ ಹೆಸರು ದಂತವೈದ್ಯನ ವಿಧವೆಯದು,
ಬಿಗಿ ಮುಷ್ಟಿ ಎಂದು ಊರಿಗೇ ಗೊತ್ತು;
ಯಾರಾದರೂ ಕೇಳಿದ್ದಾರಾ, ಗೊತ್ತಿಲ್ಲ.

ಬ್ರೆಡ್ಡು ಅವನ ಮೇಜಿನ ಮೇಲೇ ಉಳಿಯಿತು.
ಗುರುವಾರಕ್ಕೆ ಇನ್ನೊಂದು ಕೊಳ್ಳಬೇಕು.
ಎಷ್ಟು ಅಂದರೆ ಹುಡುಗಿಗೆ
ನೆನಪಿಟ್ಟು, ಒಂದು ಅನ್ನಬೇಕು.